ಹೊಗೆ ಮೂಸುವವಳು

ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಅವಳನ್ನು ಅಪ್ಪ-ಅಮ್ಮ ಇಟ್ಟ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಮೂಗಿನಕ್ಕ. ಹಾಗಂತ ಮೂಗೇನೂ ಉದ್ದವಿರಲಿಲ್ಲ. ಯಾರೋ ಅವಸರದಲ್ಲಿ ಅಂಟಿಸಿ ಹೋದ ಹಾಗೆ ಚಪ್ಪಟೆಯಾಗಿ, ಸಣ್ಣಗೆ ಇತ್ತು. ಆದರೆ ಆ ಮೂಗಿನ ಕಣ್ತಪ್ಪಿಸಿ ಅಡುಗೆಮನೆಯಲ್ಲಿ ಒಂದು ಈರುಳ್ಳಿಯೂ ಕೊಳೆಯುವಂತಿರಲಿಲ್ಲ. ಹಾಲಿನ ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ, "ಇದು ಮಧ್ಯಾಹ್ನಕ್ಕೆ ಒಡೆಯುತ್ತೆ, ಈಗಲೇ ಕಾಯಿಸಿ" ಅನ್ನುವಳು. ಆಲೂಗಡ್ಡೆಯ ಮೂಟೆಗಳ ಸಾಲಿನ ಮುಂದೆ ಸುಮ್ಮನೆ ನಡೆದು ಹೋಗಿ, ಐದನೆಯ ಮೂಟೆಗೆ ಕಾಲಲ್ಲಿ ಒದ್ದು, "ಇದರ ಹೊಟ್ಟೇಲಿ ಒಂದು ಸತ್ತಿದೆ" ಅನ್ನುವಳು. ಬಿಚ್ಚಿ ನೋಡಿದರೆ ಸತ್ತಿರುತ್ತಿತ್ತು.

ಇಂಥ ಮೂಗಿದ್ದವಳು ಒಳ್ಳೆಯವಳಾಗಿಯೂ ಇರಬೇಕೆಂದು ಕಾನೂನೇನೂ ಇಲ್ಲ. ಆ ಅಡುಗೆಮನೆಯಲ್ಲಿ ಒಬ್ಬ ಹಿರಿಯ ಅಡುಗೆಯವನಿದ್ದ. ಅವಳು ಹೊಸದಾಗಿ ಸೇರಿದಾಗ, "ಎಂಜಲು ತಟ್ಟೆ ಮೂಸೋಕೆ ಸಂಬಳ ಕೊಟ್ಟು ನಾಯಿ ಸಾಕಿದ್ದಾರೆ" ಎಂದು ಎಲ್ಲರೆದುರು ನಗಾಡಿದ್ದ. ಅವಳು ಅದನ್ನು ಮರೆಯಲಿಲ್ಲ. ಆರು ವರ್ಷ ಕಳೆದ ಮೇಲೆ ಒಂದು ದಿನ ಅವನು ಮೊನ್ನೆಯ ಮಾಂಸಕ್ಕೆ ನಿಂಬೆರಸ, ಮೆಣಸು ತಿಕ್ಕಿ ಒಲೆಗೆ ಏರಿಸಿದ. ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವಳು ಹೇಳಲಿಲ್ಲ. ಹಿರಿಯ ವೈದ್ಯರು ತಪಾಸಣೆಗೆ ಬರುವ ಹೊತ್ತಿನವರೆಗೂ ಬಾಯಿ ಹೊಲಿದುಕೊಂಡಿದ್ದು, ಅವರು ಪಾತ್ರೆಯ ಹತ್ತಿರ ಬಂದಾಗ, "ಸಾರ್, ಈ ನಿಂಬೆಹಣ್ಣಿನ ಕೆಳಗೆ ಹೆಣ ಇದೆ" ಎಂದಳು. ನಿವೃತ್ತಿಗೆ ಎರಡೇ ವರ್ಷ ಬಾಕಿಯಿದ್ದ ಮುದುಕ ಆವತ್ತೇ ತನ್ನ ಚಾಕುಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಬಾಗಿಲ ಹತ್ತಿರ ನಿಂತು ಅವಳ ಕಡೆ ನೋಡಿದಾಗ ಅವಳು, "ನನ್ನ ಮೂಗಿಗೆ ನೆಂಟರಿಲ್ಲ" ಎಂದಳು. ಆ ಮಾತು ಅವಳಿಗೇ ಎಷ್ಟು ಹಿಡಿಸಿತೆಂದರೆ ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ತಗಡಿನ ದೊಡ್ಡ ಶೆಡ್ಡೊಂದು ಎದ್ದದ್ದು ಆಮೇಲೆ. ಅದರ ಒಡತಿ ಒಬ್ಬ ವಿಜ್ಞಾನಿ. ಸದಾ ಬಿಳಿ ಕೋಟು ತೊಡುವ, ಎಲ್ಲರೊಡನೆ ಮೆಲುದನಿಯಲ್ಲೇ ಮಾತಾಡುವ ಹೆಂಗಸು; ಕೆಲಸದವರು ಬರೇ ಮೇಡಂ ಅನ್ನುತ್ತಿದ್ದರು. ಅಡುಗೆಮನೆಯಿಂದ ದಿನಾ ಹೊರಬೀಳುವ ಹತ್ತಾರು ಡ್ರಮ್ಮು ಉಳಿಕೆ ಅನ್ನ, ಸಿಪ್ಪೆ, ಟೀ ಚರಟ, ಮೂಳೆ ಎಲ್ಲವನ್ನೂ ಒಣಗಿಸಿ, ಗಾಳಿಯಾಡದ ಕುಲುಮೆಯಲ್ಲಿ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿಗೆ ಕ್ಷಾರ ಬೆರೆಸಿ ಮತ್ತೆ ಕಾಯಿಸಿ, ತೊಳೆದು, ಮಸಿಯಂಥ ಒಂದು ಪುಡಿ ಮಾಡುವುದು ಅವರ ಯೋಜನೆ.

"ಅದನ್ನ ಏನ್ ಮಾಡ್ತೀರಿ ಮೇಡಂ, ಹಲ್ಲುಜ್ಜೋಕಾ?" ಎಂದು ಮೂಗಿನಕ್ಕ ಡ್ರಮ್ಮು ತಳ್ಳಿಕೊಂಡು ಬಂದಾಗ ಕೇಳಿದಳು.

ಮೇಡಂ ನಕ್ಕರು. "ಈ ಪುಡಿ ಸ್ಪಂಜಿನ ಹಾಗೆ ಅಕ್ಕ. ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಕಾರ್ಖಾನೆ ಚಿಮಣಿಯಿಂದ ಬರುತ್ತಲ್ಲ ಇಂಗಾಲದ ಡೈಆಕ್ಸೈಡು, ಅದು ಈ ತೂತುಗಳ ಒಳಗೆ ಹೋಗಿ ಸಿಕ್ಕಾಕ್ಕೊಳ್ಳುತ್ತೆ. ಆಕಾಶಕ್ಕೆ ಹೋಗಲ್ಲ."

"ಮತ್ತೆ ನಿಮ್ಮ ಮುಖ ಯಾಕೆ ಬಾಡಿದೆ?"

ಬಾಡಲು ಕಾರಣವಿತ್ತು. ಒಂದು ದಿನದ ಪುಡಿ ಅನಿಲವನ್ನು ಚೆನ್ನಾಗಿ ಹಿಡಿದರೆ ಮಾರನೆಯ ದಿನದ್ದು ಬರೇ ಬೂದಿ. ಪುಡಿಯನ್ನು ಸೂಕ್ಷ್ಮ ತಕ್ಕಡಿಯಲ್ಲಿಟ್ಟು ಅನಿಲ ಹಾಯಿಸಿದರೆ ತೂಕ ಏರಬೇಕು. ನಾಲ್ಕಕ್ಕೆ ಮೂರು ಸಲ ಮುಳ್ಳು ಅಲುಗುತ್ತಲೇ ಇರಲಿಲ್ಲ. ಮೂಗಿನಕ್ಕ ಕುಲುಮೆಯ ಬಾಯಿಗೆ ಹೋಗಿ ಒಮ್ಮೆ ಮೂಸಿದಳು. "ರೋಗಿಗಳು ಬಿಟ್ಟ ಉಪ್ಪಿನ ಅನ್ನ, ಜಿಡ್ಡು, ಚರಟ, ಎಲ್ಲಾ ಒಟ್ಟಿಗೆ ಸುರೀತೀರ. ಉಪ್ಪು ಹೊಟ್ಟೇಲಿಟ್ಕೊಂಡು ಯಾವ ಇದ್ದಿಲು ಸರಿ ಹೋಗುತ್ತೆ? ಬೇರೆ ಬೇರೆ ಮಾಡಿ. ಉಪ್ಪಿಂದನ್ನ ಮೊದಲು ತೊಳೀರಿ. ಇನ್ನೊಂದು, ನೀವು ಬೆಂಕಿ ನಿಲ್ಲಿಸೋ ಹೊತ್ತೇ ತಪ್ಪು. ಹೊಗೆ ಇನ್ನೂ ಹುಳಿ ಇದೆ."

ಒಂದು ತಿಂಗಳಲ್ಲಿ ಮೂಗಿನಕ್ಕ ಅಡುಗೆಮನೆ ಬಿಟ್ಟು ಶೆಡ್ಡಿನ ಕೆಲಸಕ್ಕೆ ಬಂದಾಗಿತ್ತು.

ಅವಳ ಕೆಲಸ ಹೊಗೆ ಮೂಸುವುದು. ಕುಲುಮೆಯ ಮೇಲಿನ ಕೊಳವೆಯಲ್ಲಿ ಬೆರಳು ಹೋಗುವಷ್ಟು ಸಣ್ಣ ಕಿಂಡಿಯೊಂದಿತ್ತು. ಮೊದಲು ಬೇಯುವ ವಾಸನೆ, ಆಮೇಲೆ ಹುಳಿ, ಆಮೇಲೆ ರಸ್ತೆಗೆ ಡಾಂಬರು ಹಾಕುವಾಗಿನ ಘಾಟು, ಕೊನೆಗೆ ಏನೂ ಇಲ್ಲದ ಬಾಣಲೆ ಒಲೆಯ ಮೇಲೆ ಕಾದಂಥ ಒಂದು ಬರಿದಾದ ವಾಸನೆ. ಆ ಕೊನೆಯ ವಾಸನೆ ಬಂದ ಗಳಿಗೆಗೆ ಅವಳು ಕೈ ಎತ್ತುವಳು, ಬೆಂಕಿ ನಿಲ್ಲುವುದು. ತಕ್ಕಡಿಯ ಮುಳ್ಳು ಏರಿತು, ಏರಿದ್ದು ಇಳಿಯಲಿಲ್ಲ. ನೋಡಲು ದೊಡ್ಡ ದೊಡ್ಡವರು ಬಂದರು. ಮೇಡಂ ಎಲ್ಲರಿಗೂ, "ನಮ್ಮ ಶೆಡ್ಡಿನ ಅತಿ ದುಬಾರಿ ಉಪಕರಣ" ಎಂದು ಅವಳ ಭುಜ ತಟ್ಟಿ ತೋರಿಸುತ್ತಿದ್ದರು. ಬಂದವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಮನೆಯಲ್ಲಿ ಮಾತ್ರ ಆ ಮೂಗಿಗೆ ಯಾರೂ ಭುಜ ತಟ್ಟುತ್ತಿರಲಿಲ್ಲ. ಗಂಡ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವವನು. ಅವನಿಗೆ ಸಂಜೆ ಮನೆಗೆ ಬರುವುದೆಂದರೆ ಠಾಣೆಗೆ ಹಾಜರಿ ಹಾಕಲು ಹೋದ ಹಾಗೆ. ಹೊಸಿಲಲ್ಲೇ ತಡೆದು, "ಎರಡು ಬೀಡಿ, ಕರಿದ ತಿಂಡಿ, ಒಂದು ಗ್ಲಾಸು ಅದು" ಎಂದು ಓದಿ ಹೇಳುವಳು. ಶೆಡ್ಡಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಮಗಳಿಗೆ ಹನ್ನೆರಡು ವರ್ಷವಾಗಿದ್ದಾಗ ಒಮ್ಮೆ ಅವನ ಅಂಗಿಯ ಕಾಲರಿನಿಂದ ಯಾವುದೋ ಹೂವಿನ ಸೋಪಿನ ವಾಸನೆ ಬಂತು. ಮಗಳನ್ನು ಆಚೆ ಕಳಿಸುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಕಳಿಸಬೇಕು ಎಂದೂ ಅನಿಸಲಿಲ್ಲ. "ಬಾರೇ ಇಲ್ಲಿ, ನಿಮ್ಮಪ್ಪ ಇವತ್ತು ಯಾರ ಮನೇಲಿ ಮುಖ ತೊಳೆದು ಬಂದಿದ್ದಾನೆ ಮೂಸಿ ನೋಡು" ಎಂದು ಹುಡುಗಿಯ ತಲೆ ಹಿಡಿದು ಆ ಕಾಲರಿಗೆ ಒತ್ತಿದಳು. ಮಗಳು ಅಳುತ್ತ ಕೊಸರಿಕೊಂಡಳು. ಗಂಡ ಅಂಗಿ ಬಿಚ್ಚಿ ನೆಲಕ್ಕೆಸೆದು, "ಒಂದಿನ ಈ ನಾಯಿಮೂಗು ಕಿತ್ತು ಬೀಳಲಿ, ಆವತ್ತು ನಾನು ಊರಿಗೆಲ್ಲ ಊಟ ಹಾಕ್ತೀನಿ" ಎಂದ.

ಶೆಡ್ಡಿನಲ್ಲಿ ನಾಲ್ಕನೆಯ ವರ್ಷ ಮೇಡಂ ಒಂದು ಬೂದು ಬಣ್ಣದ ಪೆಟ್ಟಿಗೆ ತಂದು ಕೊಳವೆಯ ಕಿಂಡಿಯ ಪಕ್ಕದಲ್ಲಿ ಜೋಡಿಸಿದರು. ಅದಕ್ಕೊಂದು ಗುಂಡಿ, ನಾಲ್ಕು ಸಣ್ಣ ದೀಪ. "ಹೊಗೆಯ ವಾಸನೆ ಬದಲಾದಾಗಲೆಲ್ಲ ಈ ಗುಂಡಿ ಒತ್ತಿ ಅಕ್ಕ. ನಿಮ್ಮನ್ನ ನೋಡಿ ಇದು ಕಲಿಯುತ್ತೆ."

"ಕಲಿತ ಮೇಲೆ?"

"ನಿಮಗೆ ಸ್ವಲ್ಪ ವಿಶ್ರಾಂತಿ ಸಿಗುತ್ತೆ."

ಮೂಗಿನಕ್ಕ ಒಂದೂವರೆ ವರ್ಷ ಆ ಗುಂಡಿ ಒತ್ತಿದಳು. ಮೊದಮೊದಲು ಪೆಟ್ಟಿಗೆ ಪೆದ್ದುಪೆದ್ದಾಗಿ ತಪ್ಪಿದ ದೀಪ ಹೊತ್ತಿಸುತ್ತಿತ್ತು. ಅವಳು ಅದರ ತಲೆಗೆ ಮೊಟಕಿ, "ದಡ್ಡ ಮುಂಡೇದೆ" ಎಂದು ಬೈದು ಮತ್ತೆ ಒತ್ತುವಳು. ಮಕ್ಕಳಿಗೆ ಅಕ್ಷರ ಕಲಿಸಿದ ಹಾಗೆ ಕಲಿಸಿದಳು. ತನ್ನ ಮಗಳಿಗೂ ಅಷ್ಟು ತಾಳ್ಮೆಯಿಂದ ಏನನ್ನೂ ಕಲಿಸಿದವಳಲ್ಲ.

ಆ ಹೊತ್ತಿಗೆ ಪುಡಿ ಇನ್ನೂ ಹೆಚ್ಚು ಅನಿಲ ಹಿಡಿಯಲಿ ಎಂದು ಕಾದ ಇದ್ದಿಲಿನ ಮೇಲೆ ಅಮೋನಿಯಾ ಹಾಯಿಸುವ ಹೊಸ ಪದ್ಧತಿ ಬಂದಿತ್ತು. ಎಲ್ಲರಿಗೂ ಮುಖ ಮುಚ್ಚುವ ದಪ್ಪ ಮಾಸ್ಕು ಕೊಟ್ಟಿದ್ದರು. ಅವಳಿಗೂ ಕೊಟ್ಟಿದ್ದರು, ಅದು ಗೂಟದಲ್ಲಿ ನೇತಾಡುತ್ತಿತ್ತು. ಶೆಡ್ಡಿನ ಮೇಲ್ವಿಚಾರಕನಿಗೆ ಕೆಲಸದವರು ಗಡಿಯಾರ ಎಂದು ಹೆಸರಿಟ್ಟಿದ್ದರು, ಮಾತಾಡುವಾಗ ಎದುರಿನವರ ಮುಖಕ್ಕಿಂತ ತನ್ನ ಮಣಿಕಟ್ಟಿನ ವಾಚನ್ನೇ ಹೆಚ್ಚು ನೋಡುತ್ತಿದ್ದನೆಂದು. ಅವಳು ಮಾಸ್ಕಿನ ಮಾತೆತ್ತಿದಾಗ ಅವನು, "ಮಾಸ್ಕ್ ಹಾಕ್ಕೊಂಡು ಮೂಸೋದು ಹೆಂಗಕ್ಕ? ಛತ್ರಿ ಹಿಡ್ಕೊಂಡು ಸ್ನಾನ ಮಾಡಿದ ಹಾಗೆ" ಎಂದು ನಕ್ಕ.

ಒಂದು ಸೋಮವಾರ ಅವಳು ಹೇಳಿದಳು: "ಅಮೋನಿಯಾ ಸೋರ್ತಿದೆ. ಕೊಳವೆ ಕೂಡೋ ಜಾಗದಲ್ಲಿ."

"ಮೀಟರು ಏನೂ ತೋರಿಸ್ತಿಲ್ಲ."

"ಮೀಟರಿಗೆ ನೆಗಡಿ ಆಗಿರಬೇಕು. ಸೋರ್ತಿದೆ."

"ಬುಧವಾರ ನೋಡೋಕೆ ಜನ ಬರ್ತಾರೆ. ಈಗ ಬಿಚ್ಚಿದ್ರೆ ಎರಡು ದಿನ ಕೆಲಸ ನಿಲ್ಲುತ್ತೆ. ಅವರು ಹೋಗ್ಲಿ, ಬಿಚ್ಚಿಸ್ತೀನಿ."

ಬುಧವಾರ ಬೆಳಗ್ಗೆ ಬಂದವರೆಲ್ಲ ಗಾಜಿನಾಚೆ ನಿಂತಿದ್ದರು. ಮೇಡಂ ಕೈಸನ್ನೆ ಮಾಡಿದರು. ಮೂಗಿನಕ್ಕ ಕಿಂಡಿಗೆ ಬಗ್ಗಿ ದೀರ್ಘವಾಗಿ ಉಸಿರೆಳೆದಳು. ಅದೇ ಉಸಿರಿನ ನಡುವೆ ಕೊಳವೆಯ ಕೂಡುಭಾಗ ಕಿತ್ತುಕೊಂಡಿತು. ಕಾದ ಸೂಜಿಗಳ ಒಂದು ಹಿಡಿಯನ್ನು ಯಾರೋ ಎರಡೂ ಹೊಳ್ಳೆಗೆ ತುರುಕಿ ತಿರುವಿದ ಹಾಗಾಯಿತು. ಕೆಳಗೆ ಬಿದ್ದವಳನ್ನು ಕಾಲು ಹಿಡಿದು ಹೊರಗೆಳೆದರು. ಆಸ್ಪತ್ರೆ ಗೋಡೆಯಾಚೆಗೇ ಇದ್ದುದರಿಂದ ಜೀವ ಉಳಿಯಿತು, ಕಣ್ಣೂ ಉಳಿಯಿತು. ಹನ್ನೊಂದು ದಿನ ಮೂಗಿನಿಂದ ರಕ್ತ ಸುರಿಯಿತು, ಆಮೇಲೆ ಒಳಗೆ ಹಕ್ಕಳೆ ಕಟ್ಟಿತು.

ಅವಳು ಹಾಸಿಗೆಯಲ್ಲಿದ್ದಾಗ ಗಡಿಯಾರ ಒಂದು ಕಾಗದ ತಂದ. ಅದರಲ್ಲಿ 'ಅವಘಡದ ವೇಳೆ ಕೆಲಸಗಾರ್ತಿ ಮಾಸ್ಕ್ ಧರಿಸಿರಲಿಲ್ಲ' ಎಂದಿತ್ತು. "ಸುಳ್ಳೇನಲ್ಲವಲ್ಲ ಅಕ್ಕ" ಎಂದು ಪೆನ್ನು ಕೈಗಿಟ್ಟ. ಸುಳ್ಳಾಗಿರಲಿಲ್ಲ. ಅವಳು ಸಹಿ ಹಾಕಿದಳು.

ಇನ್ನು ವಾಸನೆ. ಗಂಜಿಯ ಬಟ್ಟಲು ಮುಖದ ಹತ್ತಿರ ಬಂದಾಗ ಬಿಸಿ ಮಾತ್ರ ತಾಗಿತು. ಔಷಧಿಯ ಬಾಟಲಿ ತೆರೆದರು, ಏನೂ ಇಲ್ಲ. ನರ್ಸು ಸ್ಪಿರಿಟ್ಟಿನ ಹತ್ತಿ ಹಿಡಿದು, "ಬರ್ತಿದೆಯಾ?" ಎಂದಾಗ ಅವಳು, "ಬರ್ತಿದೆ, ಬರ್ತಿದೆ" ಎಂದಳು. ವೈದ್ಯರಿಗೂ ಅದನ್ನೇ ಹೇಳಿದಳು. ವಾಸನೆ ತಿಳಿಯದ ತನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ ಎನ್ನುವುದು ಆಸ್ಪತ್ರೆಯ ಮಂಚದ ಮೇಲೆಯೇ ಅವಳಿಗೆ ಹೊಳೆದಿತ್ತು.

ಮೊದಲು ಪತ್ತೆ ಹಚ್ಚಿದವನು ಗಂಡ. ಮನೆಗೆ ಬಂದ ಮೂರನೆಯ ದಿನ ಅವನು ಸಂಜೆ ಬಂದು ಹೊಸಿಲಲ್ಲಿ ರೂಢಿಯಂತೆ ನಿಂತ. ಅವಳು ಸುಮ್ಮನೆ ದಾರಿ ಬಿಟ್ಟಳು. ಅವನು ಒಳಗೆ ಬರದೆ ಅವಳ ಮುಖಕ್ಕೆ ಮುಖ ತಂದು, "ಹಾ" ಎಂದು ಬಾಯಿ ತೆರೆದು ಉಸಿರು ಬಿಟ್ಟ. ಅವಳು, "ಏನ್ರೀ ಇದು ಮಕ್ಕಳಾಟ" ಎಂದಳು. ಅವನ ಮುಖದ ಮೇಲೆ ನಗು ಮೆಲ್ಲಗೆ ಹರಡಿತು. ಇಪ್ಪತ್ತೈದು ವರ್ಷದ ಸೆರೆವಾಸ ಮುಗಿದವನ ನಗು ಅದು.

ಮಾರನೆಯ ದಿನ ಅವನು ಎಂದಿಲ್ಲದ ಅಕ್ಕರೆಯಿಂದ, "ನೀನು ಕೂತ್ಕೋ, ನಾನೇ ಬಡಿಸ್ತೀನಿ" ಎಂದು ಮೀನಿನ ಸಾರು ಬಡಿಸಿದ. ತಾನು ಡಿಪೋದಲ್ಲೇ ತಿಂದು ಬಂದೆ ಎಂದ. ಗೋಡೆಯ ಮೇಲಿದ್ದ ಪಕ್ಕದ ಮನೆಯ ಬೆಕ್ಕಿಗೆ ಅವಳು ಒಂದು ತುಂಡು ಎಸೆದಳು. ಅದು ಹತ್ತಿರ ಬಂದು, ಮೂಸಿ, ಬಾಲ ಎತ್ತಿಕೊಂಡು ಹೊರಟುಹೋಯಿತು. ಅವಳಿಗೆ ಆಗಲೂ ತಿಳಿಯಲಿಲ್ಲ. ಎರಡು ದಿನ ವಾಂತಿ, ಭೇದಿ. ಚಾಪೆಯ ಮೇಲೆ ಮುದುಡಿ ಮಲಗಿದ್ದಾಗ ಗಂಡ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಕೇಳಿದ:

"ಏನೇ, ಗೊತ್ತಾಗಲಿಲ್ವಾ? ಐದು ದಿನದ ಮೀನು ಕಣೇ. ಇಡೀ ಬೀದಿಗೆ ಗೊತ್ತಾಯ್ತು, ನಿನಗೆ ಗೊತ್ತಾಗಲಿಲ್ವಾ?"

ಅವಳು ಗೋಡೆಯ ಕಡೆ ತಿರುಗಿಕೊಂಡಳು. "ಶೆಡ್ಡಲ್ಲಿ ಯಾರಿಗೂ ಹೇಳಬೇಡಿ."

"ಹೇಳಲ್ಲ. ನನಗ್ಯಾಕೆ? ನನಗೆ ಗೊತ್ತಾದರೆ ಸಾಕು" ಎಂದ ಅವನು ಎದ್ದು ತಲೆ ಬಾಚಿಕೊಂಡು ಹೊರಗೆ ಹೋದ. ಆಮೇಲೆ ಅವನು ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಶೆಡ್ಡಿನಲ್ಲಿ ಅವಳು ಎಂಟು ತಿಂಗಳು ನಾಟಕ ನಡೆಸಿದಳು. ಉಪಾಯ ಸರಳವಾಗಿತ್ತು. ಕಿಂಡಿಗೆ ಬಗ್ಗಿ, ಕಣ್ಣು ಅರೆಮುಚ್ಚಿ, ಸೊರ್ರೆಂದು ಉಸಿರೆಳೆದು, ಓರೆಗಣ್ಣಿನಲ್ಲಿ ಪೆಟ್ಟಿಗೆಯ ದೀಪ ನೋಡುವುದು. ನಾಲ್ಕನೆಯ ದೀಪ ಹೊತ್ತಿದೊಡನೆ ಕೈ ಎತ್ತುವುದು. ಪೆಟ್ಟಿಗೆ ಒಂದು ಸಲವೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದಳು. ಕೆಲವೊಮ್ಮೆ ಅವಳಿಗೆ ಅದರ ಮೇಲೆ ಹೆಮ್ಮೆಯಾಗುತ್ತಿತ್ತು. ಅದನ್ನೆತ್ತಿ ನೆಲಕ್ಕೆ ಅಪ್ಪಳಿಸಬೇಕು ಅನಿಸುತ್ತಿದ್ದುದೂ ಉಂಟು.

ಗಡಿಯಾರನಿಗೆ ಅನುಮಾನ ಹುಟ್ಟಿದ್ದು ಊಟದ ಹೊತ್ತಿನಲ್ಲಿ. ಯಾರದೋ ಡಬ್ಬಿಯ ಪಲ್ಯ ಹಳಸಿ ಎಲ್ಲರೂ ಮೂಗು ಮುಚ್ಚಿಕೊಂಡರೆ ಅವಳೊಬ್ಬಳು ತಿನ್ನುತ್ತಲೇ ಇದ್ದಳು. ಅವನು ಬಾಯಿಬಿಟ್ಟು ಕೇಳಿದ್ದರೆ ಅವಳು ಒಪ್ಪಿಕೊಳ್ಳುತ್ತಿದ್ದಳೇನೋ. ಅವನು ಕೇಳಲಿಲ್ಲ. ಶನಿವಾರ ಎಲ್ಲ ಕೆಲಸದವರನ್ನೂ ಕುಲುಮೆಯ ಹತ್ತಿರ ಸೇರಿಸಿದ. "ಅಕ್ಕನ ವಿದ್ಯೆ ಎಲ್ಲರೂ ನೋಡಿ ಕಲೀರಿ" ಎಂದ. ಮೂಗಿನಕ್ಕ ಕಿಂಡಿಗೆ ಬಗ್ಗಿದಳು. ನಾಲ್ಕನೆಯ ದೀಪ ಹೊತ್ತಿತು. ಕೈ ಎತ್ತಿದಳು.

ಯಾರೋ ಕಿಸಕ್ಕೆಂದರು, ಇಡೀ ಶೆಡ್ಡು ಹೋ ಎಂದು ನಕ್ಕಿತು. ಅವಳು ತಿರುಗಿ ನೋಡಿದಳು. ಗಡಿಯಾರ ಕುಲುಮೆಯ ಬಾಗಿಲು ತೆಗೆದು ತೋರಿಸಿದ. ಬೆಳಗಿನ ಕಾವು ಮಾತ್ರ ಉಳಿದಿತ್ತು; ಒಳಗೆ ಬೆಂಕಿಯೂ ಇರಲಿಲ್ಲ, ಸಿಪ್ಪೆಯೂ ಇರಲಿಲ್ಲ. ದೀಪವನ್ನು ಅವನು ಹಿಂದಿನಿಂದ ಬೇರೆ ತಂತಿ ಕೊಟ್ಟು ಹೊತ್ತಿಸಿದ್ದ.

ನಗುತ್ತಿದ್ದವರಲ್ಲಿ ಆಸ್ಪತ್ರೆಯ ಅಡುಗೆಮನೆಯಿಂದ ಬಂದವರೂ ಇದ್ದರು. ಅವರಿಗೆ ನಿಂಬೆಹಣ್ಣಿನ ಕೆಳಗಿನ ಹೆಣದ ಕಥೆ ಚೆನ್ನಾಗಿ ನೆನಪಿತ್ತು.

ಮೇಡಂ ನಗಲಿಲ್ಲ. ಅವಳನ್ನು ತಮ್ಮ ಕೋಣೆಗೆ ಕರೆದು ಕುರ್ಚಿ ಕೊಟ್ಟರು, ನೀರು ಕೊಟ್ಟರು. "ಮೊದಲೇ ಹೇಳಬಾರದಿತ್ತಾ ಅಕ್ಕ? ನನಗೆ ಎಷ್ಟು ಬೇಜಾರಾಯ್ತು ಗೊತ್ತಾ?"

"ತೆಗೆದುಹಾಕ್ತೀರಾ?"

"ಛೆ, ಎಲ್ಲಾದರೂ ಉಂಟಾ! ನಿಮ್ಮಿಂದಲೇ ಈ ಶೆಡ್ಡು ನಿಂತಿರೋದು. ನಿಮಗೆ ಹೊಂದೋ ಕೆಲಸ ಇದೆ." ಮೇಡಂ ಮೇಜಿನ ಮೇಲಿನ ಪುಡಿಯ ಶೀಶೆಯನ್ನು ಅತ್ತಿತ್ತ ಸರಿಸಿದರು. "ಹಿಂದುಗಡೆ ತೊಳೆಯೋ ತೊಟ್ಟಿ ಇದೆಯಲ್ಲ. ಉಪ್ಪಿನ ಅನ್ನ, ಜಿಡ್ಡು, ಮೂರು ದಿನ ನೆನೆಯುತ್ತಲ್ಲ, ಅಲ್ಲಿ. ಯಾರು ಬಂದರೂ ಒಂದು ವಾರ ನಿಲ್ಲಲ್ಲ, ವಾಸನೆ ತಡೆಯೋಕಾಗಲ್ಲ ಅಂತ ಓಡಿಹೋಗ್ತಾರೆ. ನಿಮಗಾದರೆ..." ಅವರು ಮಾತು ನಿಲ್ಲಿಸಿ, ಅತ್ಯಂತ ಮೆತ್ತಗೆ ಹೇಳಿದರು, "ನಿಮಗೆ ತೊಂದರೆ ಆಗಲ್ಲ, ಅಲ್ವಾ?"

ಮೂಗಿನಕ್ಕ ಲೋಟದ ನೀರು ಪೂರ್ತಿ ಕುಡಿದಳು. "ಇಲ್ಲ ಮೇಡಂ. ಏನೂ ತೊಂದರೆ ಆಗಲ್ಲ."

ಸೊಂಟದವರೆಗಿನ ರಬ್ಬರ್ ಬೂಟು, ಮೊಣಕೈವರೆಗಿನ ಗವಸು ತೊಟ್ಟು ಅವಳು ಆ ತೊಟ್ಟಿಯಲ್ಲಿ ಉದ್ದದ ಮರದ ಹುಟ್ಟಿನಿಂದ ಕೊಳೆತ ಅನ್ನವನ್ನು ಕದಡುತ್ತಿದ್ದಳು, ಸೋಸುತ್ತಿದ್ದಳು, ಮತ್ತೆ ನೀರು ಬಿಡುತ್ತಿದ್ದಳು. ಕಣ್ಣಿಗೆ ಹುಳು ಕಾಣುತ್ತಿತ್ತು, ಗುಳ್ಳೆ ಕಾಣುತ್ತಿತ್ತು. ಮೂಗಿಗೆ ಅದು ಹರಿಯುವ ಹೊಳೆಯಷ್ಟೇ ಶುಚಿ. ಅನ್ನದ ಹುಳಿ ರಬ್ಬರಿನ ಸಂದಿಯಿಂದ ಇಳಿದು ಚರ್ಮಕ್ಕೆ, ಕೂದಲಿಗೆ, ಉಗುರಿನ ಬುಡಕ್ಕೆ ಹೋಗಿ ಕೂತಿತು. ಅದು ಅವಳಿಗೆ ತಿಳಿದದ್ದು ಬೇರೆಯವರ ಮುಖ ನೋಡಿ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗಿ ನಿಲ್ಲುತ್ತಿದ್ದರು. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಡುತ್ತಿದ್ದ.

ಗಂಡ ಹದಿನೈದು ದಿನ ತಡೆದ. ಒಂದು ಭಾನುವಾರ ಬೆಳಗ್ಗೆ ತಟ್ಟೆ ತಳ್ಳಿ, "ನೀನು ಕಲಸಿದ್ದು ತಿನ್ನೋಕಾಗಲ್ಲ ಕಣೇ. ಹಾಸಿಗೆ, ದಿಂಬು, ನೀರಿನ ಕೊಡ, ಎಲ್ಲಾ ನಾರ್ತಿದೆ. ಮನುಷ್ಯ ಇರೋ ಮನೆನಾ ಇದು?" ಎಂದ.

"ಏನ್ ನಾರ್ತಿದೆ? ನನಗೇನೂ ಬರ್ತಿಲ್ಲವಲ್ಲ" ಎಂದು ಅವಳು ತುತ್ತು ಬಾಯಿಗಿಟ್ಟುಕೊಂಡಳು.

"ನಿನಗೆ ಹೆಂಗೆ ಬರುತ್ತೆ?"

"ಹಂಗಾದ್ರೆ ಊರಿಗೆ ಊಟ ಯಾವಾಗ ಹಾಕ್ತೀರಿ? ಹರಕೆ ಬಾಕಿ ಇಟ್ಕೋಬಾರದು."

ಅವನು ಎದ್ದು ಗೋಡೆಗೆ ತಟ್ಟೆ ಬೀಸಿದ. ಆವತ್ತೇ ಬಟ್ಟೆ ಕಟ್ಟಿಕೊಂಡು ಹೋದ. ಹೂವಿನ ಸೋಪಿನ ಮನೆಗೇ ಹೋದನೆಂದು ಡಿಪೋದವರು ಹೇಳಿದರು. ಅವಳು ಗೋಡೆ ಒರೆಸಿದಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು, ಬರಲಿಲ್ಲ. ಹಸಿವಿತ್ತು, ಊಟ ಮುಗಿಸಿದಳು.

ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಳು. ಅಳಿಯನದು ಕನ್ನಡಕದ ಅಂಗಡಿ. ಮಳೆಗಾಲದ ಕೊನೆಗೆ ಅವಳಿಗೆ ಹೆಣ್ಣುಮಗು ಹುಟ್ಟಿತು. ಸುದ್ದಿ ಬಂದದ್ದು ಮಗುವಿಗೆ ಇಪ್ಪತ್ತು ದಿನವಾದ ಮೇಲೆ, ಅದೂ ಅಳಿಯನ ಫೋನಿನಲ್ಲಿ. ಮೂಗಿನಕ್ಕ ಎರಡು ದಿನ ರಜೆ ಹಾಕಿದಳು. ಮೊದಲ ದಿನವಿಡೀ ಮೈ ತಿಕ್ಕಿದಳು. ನಿಂಬೆ, ಸೀಗೆಪುಡಿ, ಪಾತ್ರೆ ತೊಳೆಯುವ ಬೂದಿ. ತೋಳಿನ ಚರ್ಮ ಕೆಂಪಾಗಿ ಉರಿಯುವವರೆಗೆ. ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಳು. ಹೊಸ ಸೀರೆ ಉಟ್ಟಳು. ಪಕ್ಕದ ಮನೆಯಾಕೆಯ ಮುಂದೆ ನಿಂತು, "ನೋಡಮ್ಮ, ಈಗ ಬರುತ್ತಾ?" ಎಂದು ಕೇಳಿದಳು. ಪಕ್ಕದ ಮನೆಯಾಕೆ ಒಳ್ಳೆಯವಳು. "ಇಲ್ಲಕ್ಕಾ" ಎಂದಳು.

ಮಗಳ ಮನೆ ಮೂರನೆಯ ಮಹಡಿ. ಅಳಿಯ ಬಾಗಿಲು ತೆಗೆದವನು, "ಬನ್ನಿ ಅತ್ತೆ" ಎಂದು ಒಂದು ಹೆಜ್ಜೆ ಹಿಂದೆ ಸರಿದ. ಮಗಳು ಮಂಚದ ಮೇಲೆ ಕೂತಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು, ಅಮ್ಮನನ್ನು ನೋಡಿಯೋ, ಮತ್ತೆ ಯಾತಕ್ಕೋ. ಮಗುವನ್ನು ಹೊದಿಕೆ ಸಮೇತ ತಾನೇ ಎತ್ತಿ ಕೊಟ್ಟಳು. ಅಷ್ಟು ಮಾತ್ರ ಮಾಡಿದಳು.

ಮೂಗಿನಕ್ಕ ಮಗುವಿನ ನೆತ್ತಿಗೆ ಮೂಗಿಟ್ಟಳು. ಇಪ್ಪತ್ತಾರು ವರ್ಷದ ಹಿಂದೆ ಇವಳಮ್ಮನ ನೆತ್ತಿಯಲ್ಲಿ ಯಾವ ವಾಸನೆಯಿತ್ತೆಂದು ಅವಳಿಗೆ ಗೊತ್ತಿತ್ತು. ಹಾಲು ಆರಿದಂಥ, ಬಿಸಿಲಿಗೆ ಹಾಕಿದ ಹತ್ತಿಯಂಥ ವಾಸನೆ. ಎದೆ ಬಿರಿಯುವಷ್ಟು ಉಸಿರೆಳೆದಳು. ಬೆಚ್ಚಗೆ ತಾಗಿತು. ಮೆತ್ತಗೆ ಏನೋ ಮಿಡಿಯಿತು. ಮತ್ತೆ ಎಳೆದಳು, ಮತ್ತೆ. ಮಗು ಅಳತೊಡಗಿತು.

"ಇವಳ ತಲೆ ಹೆಂಗೆ ವಾಸನೆ ಬರುತ್ತೆ, ಹೇಳೇ" ಎಂದಳು ಮಗಳಿಗೆ. "ನೀನು ಮೂಸಿ ನೋಡಿ ನನಗೆ ಹೇಳು. ಅಷ್ಟು ಸಾಕು."

ಮಗಳು ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆಯುತ್ತಿದ್ದಳು. ತಿರುಗದೆಯೇ ಹೇಳಿದಳು: "ನೀನು ಪಕ್ಕದಲ್ಲಿದ್ರೆ ನನಗೆ ಇನ್ಯಾವ ವಾಸನೆನೂ ಗೊತ್ತಾಗಲ್ಲ ಅಮ್ಮ."

ಆಮೇಲೆ ಬಂದು ಮಗುವನ್ನು ತೆಗೆದುಕೊಂಡಳು. ಅಳಿಯ ಟೀ ತಂದ. ಮೂಗಿನಕ್ಕ ತಾನೇ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅದನ್ನು ಕುಡಿದಳು. ಅವನು ಬಾಗಿಲ ಹತ್ತಿರ ನಿಂತು ಹವೆಯ ಬಗ್ಗೆ, ಬಸ್ಸಿನ ಬಗ್ಗೆ ಒಂದೆರಡು ಮಾತಾಡಿದ. ಲೋಟವನ್ನು ಅವಳು ಹೊಸಿಲ ಹೊರಗೇ ಇಟ್ಟಳು.

ಮೆಟ್ಟಿಲಿಳಿದು ಬೀದಿ ದಾಟಿ ತಲೆಯೆತ್ತಿ ನೋಡಿದಾಗ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಮಗುವಿನ ಹೊದಿಕೆಯನ್ನು ಒಗೆದು ಆಗಲೇ ಒಣಹಾಕಿದ್ದರು. ಅದರಿಂದ ನೀರು ಸುರಿಯುತ್ತಿತ್ತು.